ಪುನರ್ನಿರ್ಮಾಣ ಕಾಲದ ಆಂಡ್ರ್ಯೂ ಜಾನ್ಸನ್–ಕಾಂಗ್ರೆಸ್ ಸಂಘರ್ಷ

ಅಮೆರಿಕ ಸಂಯುಕ್ತ ಸಂಸ್ಥಾನದ ಅಂತರ್ಯುದ್ಧವು ಮುಗಿದ ನಂತರ, 1865ರಿಂದ 1868ರ ವರೆಗೆ, ಆ ದೇಶದ 17ನೆಯ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಹಾಗೂ ಅಲ್ಲಿನ ಶಾಸಕಾಂಗವಾದ ಕಾಂಗ್ರೆಸ್ಸಿನ ನಡುವೆ ನಡೆದ ರಾಜಕೀಯ ಹಾಗೂ ಸಾಂವಿಧಾನಿಕ ಹೋರಾಟವನ್ನು ಪುನರ್ನಿರ್ಮಾಣ ಕಾಲದ ಸಂಘರ್ಷವೆಂದು ಕರೆಯಲಾಗುತ್ತದೆ. ಒಕ್ಕೂಟದಿಂದ ಸಿಡಿದುಹೋಗಿ ಯುದ್ಧದಲ್ಲಿ ಸೋತ ದಕ್ಷಿಣದ ರಾಜ್ಯಗಳನ್ನು ಯಾವ ಷರತ್ತುಗಳ ಮೇಲೆ ಮರಳಿ ಸೇರಿಸಿಕೊಳ್ಳಬೇಕು, ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ಸುಮಾರು 40 ಲಕ್ಷ ಕಪ್ಪು ಜನರಿಗೆ ಯಾವ ಹಕ್ಕುಗಳನ್ನು ಕೊಡಬೇಕು, ಇವನ್ನು ನಿರ್ಧರಿಸುವ ಅಧಿಕಾರ ಯಾರದು ಎಂಬ ಮೂರು ಪ್ರಶ್ನೆಗಳು ಈ ಸಂಘರ್ಷದ ತಿರುಳಾಗಿದ್ದವು. ಇದರ ಪರಿಣಾಮವಾಗಿ ಅಮೆರಿಕದ ಇತಿಹಾಸದಲ್ಲಿ ಮೊದಲ ಬಾರಿಗೆ ಅಧ್ಯಕ್ಷರೊಬ್ಬರ ಮೇಲೆ ಮಹಾಭಿಯೋಗವನ್ನು ಹೊರಿಸಲಾಯಿತು. ಸೆನೆಟ್ ಸಭೆಯಲ್ಲಿ ಕೇವಲ ಒಂದು ಮತದ ಕೊರತೆಯಿಂದ ಜಾನ್ಸನ್ ಅವರು ಪದಚ್ಯುತಿಯಿಂದ ಪಾರಾದರು.

ಈ ಲೇಖನದಲ್ಲಿ ‘ಕಾಂಗ್ರೆಸ್’ ಎಂಬ ಪದವನ್ನು ಸೆನೆಟ್ ಮತ್ತು ಪ್ರತಿನಿಧಿ ಸಭೆ ಎಂಬ ಎರಡು ಸದನಗಳುಳ್ಳ ಅಮೆರಿಕದ ಶಾಸಕಾಂಗ ಎಂಬ ಅರ್ಥದಲ್ಲಿ ಬಳಸಲಾಗಿದೆ.

ಹಿನ್ನೆಲೆ

1861ರ ಏಪ್ರಿಲ್ 12ರಂದು ಆರಂಭವಾದ ಅಂತರ್ಯುದ್ಧದಲ್ಲಿ ದಕ್ಷಿಣದ 11 ರಾಜ್ಯಗಳು ಒಕ್ಕೂಟದ ವಿರುದ್ಧ ಹೋರಾಡಿದವು. ಆರು ಲಕ್ಷಕ್ಕೂ ಹೆಚ್ಚು ಸೈನಿಕರು ಈ ಯುದ್ಧದಲ್ಲಿ ಮಡಿದರು. 1865ರ ಏಪ್ರಿಲ್ 9ರಂದು ದಕ್ಷಿಣದ ಸೇನಾನಿ ರಾಬರ್ಟ್ ಲೀ ಶರಣಾದರು. ಐದು ದಿನಗಳ ತರುವಾಯ ಅಧ್ಯಕ್ಷ ಅಬ್ರಹಾಂ ಲಿಂಕನ್ ಅವರ ಮೇಲೆ ಗುಂಡಿನ ದಾಳಿ ನಡೆದು, ಏಪ್ರಿಲ್ 15ರಂದು ಅವರು ಕೊನೆಯುಸಿರೆಳೆದರು. ಉಪಾಧ್ಯಕ್ಷರಾಗಿದ್ದ ಜಾನ್ಸನ್ ಅದೇ ದಿನ ಅಧ್ಯಕ್ಷ ಪದವಿಯನ್ನು ವಹಿಸಿಕೊಂಡರು.

ಪುನರ್ನಿರ್ಮಾಣದ ಕುರಿತಾದ ಭಿನ್ನಾಭಿಪ್ರಾಯವು ಲಿಂಕನ್ ಅವರ ಕಾಲದಲ್ಲಿಯೇ ತಲೆದೋರಿತ್ತು. ಒಂದು ರಾಜ್ಯದ 1860ರ ಮತದಾರರ ಪೈಕಿ ಶೇಕಡಾ 10ರಷ್ಟು ಮಂದಿ ಒಕ್ಕೂಟಕ್ಕೆ ನಿಷ್ಠೆಯ ಪ್ರಮಾಣವನ್ನು ಮಾಡಿದರೆ ಅಲ್ಲಿ ಹೊಸ ಸರ್ಕಾರವನ್ನು ರಚಿಸಬಹುದೆಂದು ಅವರು 1863ರ ಡಿಸೆಂಬರಿನಲ್ಲಿ ಘೋಷಿಸಿದ್ದರು. ಇದು ತೀರ ಸಡಿಲವಾದ ಷರತ್ತೆಂದು ಭಾವಿಸಿದ ಕಾಂಗ್ರೆಸ್, 1864ರ ಜುಲೈನಲ್ಲಿ ವೇಡ್–ಡೇವಿಸ್ ಮಸೂದೆಯನ್ನು ಅಂಗೀಕರಿಸಿ, ಬಹುಸಂಖ್ಯಾತರ ಪ್ರಮಾಣ ಅಗತ್ಯವೆಂದು ವಿಧಿಸಿತು. ಲಿಂಕನ್ ಅದಕ್ಕೆ ಸಹಿ ಹಾಕದೆ ಬಿಟ್ಟುದರಿಂದ ಮಸೂದೆಯು ಬಿದ್ದುಹೋಯಿತು. ಆದರೆ ಲಿಂಕನ್ ಅವರಿಗೆ ಕಾಂಗ್ರೆಸ್ಸಿನೊಡನೆ ಮಾತುಕತೆಯ ದಾರಿ ತೆರೆದೇ ಇತ್ತು. 1865ರ ಮಾರ್ಚ್ 3ರಂದು ಬಿಡುಗಡೆ ಹೊಂದಿದವರ ಆಹಾರ, ಶಿಕ್ಷಣ, ಕೂಲಿ ಒಪ್ಪಂದ ಮುಂತಾದವನ್ನು ನೋಡಿಕೊಳ್ಳಲು ‘ಫ್ರೀಡ್‌ಮೆನ್ಸ್ ಬ್ಯೂರೋ’ ಎಂಬ ಇಲಾಖೆಯನ್ನು ಸ್ಥಾಪಿಸುವ ಕಾಯಿದೆಗೆ ಅವರು ಸಹಿ ಹಾಕಿದ್ದರು.

ಆಂಡ್ರ್ಯೂ ಜಾನ್ಸನ್

ಜಾನ್ಸನ್ 1808ರ ಡಿಸೆಂಬರ್ 29ರಂದು ಉತ್ತರ ಕ್ಯಾರೊಲಿನಾ ರಾಜ್ಯದ ರಾಲಿ ಪಟ್ಟಣದಲ್ಲಿ ಕಡುಬಡವರ ಮನೆಯಲ್ಲಿ ಜನಿಸಿದರು. ಶಾಲೆಯ ಮೆಟ್ಟಿಲನ್ನು ಹತ್ತದ ಅವರು ಬಾಲ್ಯದಲ್ಲಿಯೇ ದರ್ಜಿಯ ಬಳಿ ಕೆಲಸಕ್ಕೆ ಸೇರಿದರು. ಮುಂದೆ ಟೆನೆಸಿ ರಾಜ್ಯದ ಗ್ರೀನ್‌ವಿಲ್‌ನಲ್ಲಿ ಸ್ವಂತ ಹೊಲಿಗೆ ಅಂಗಡಿಯನ್ನು ತೆರೆದರು. ಬರವಣಿಗೆ ಮತ್ತು ಲೆಕ್ಕವನ್ನು ಕಲಿಯಲು ಅವರಿಗೆ ಪತ್ನಿ ಎಲೈಜಾ ನೆರವಾದರು. ದೊಡ್ಡ ತೋಟಗಳ ಮಾಲೀಕರ ದರ್ಪವನ್ನು ವಿರೋಧಿಸುತ್ತ, ಬಡ ಬಿಳಿಯರ ಪ್ರತಿನಿಧಿಯಾಗಿ ಅವರು ರಾಜಕೀಯದಲ್ಲಿ ಮೇಲೇರಿದರು. ಒಕ್ಕೂಟದಿಂದ ಬೇರ್ಪಟ್ಟ ರಾಜ್ಯಗಳ ಸೆನೆಟ್ ಸದಸ್ಯರಲ್ಲಿ ತಮ್ಮ ಸ್ಥಾನವನ್ನು ಬಿಡದೆ ಒಕ್ಕೂಟಕ್ಕೆ ನಿಷ್ಠರಾಗಿ ಉಳಿದವರು ಅವರೊಬ್ಬರೇ. ಈ ಕಾರಣದಿಂದಲೇ ಡೆಮಾಕ್ರಟಿಕ್ ಪಕ್ಷದವರಾಗಿದ್ದರೂ 1864ರ ಚುನಾವಣೆಯಲ್ಲಿ ರಿಪಬ್ಲಿಕನ್ ಪಕ್ಷದ ಲಿಂಕನ್ ಅವರ ಜೊತೆಗೆ ಅವರನ್ನು ಉಪಾಧ್ಯಕ್ಷ ಸ್ಥಾನಕ್ಕೆ ನಿಲ್ಲಿಸಲಾಯಿತು.

ಜಾನ್ಸನ್ ಅವರಿಗೆ ತೋಟಗಳ ಮಾಲೀಕರ ಮೇಲೆ ಕೋಪವಿತ್ತೇ ಹೊರತು ಕಪ್ಪು ಜನರ ಮೇಲೆ ಕನಿಕರವಿರಲಿಲ್ಲ. ಸ್ವತಃ ಅವರೂ ಗುಲಾಮರನ್ನು ಇಟ್ಟುಕೊಂಡಿದ್ದವರು. ಒಕ್ಕೂಟವು ಉಳಿಯಬೇಕು, ಗುಲಾಮಗಿರಿಯು ಅಳಿಯಬೇಕು, ಆದರೆ ಆಡಳಿತವು ಬಿಳಿಯರ ಕೈಯಲ್ಲಿಯೇ ಇರಬೇಕು ಎಂಬುದು ಅವರ ನಿಲುವಾಗಿತ್ತು. ಮುಂದಿನ ಘಟನೆಗಳನ್ನು ತಿಳಿಯಲು ಈ ನಿಲುವನ್ನು ನೆನಪಿನಲ್ಲಿಡುವುದು ಅಗತ್ಯ.

ಅಧ್ಯಕ್ಷರ ಯೋಜನೆ

1865ರ ಮೇ 29ರಂದು ಜಾನ್ಸನ್ ಎರಡು ಘೋಷಣೆಗಳನ್ನು ಹೊರಡಿಸಿದರು. ಮೊದಲನೆಯದರ ಪ್ರಕಾರ, ನಿಷ್ಠೆಯ ಪ್ರಮಾಣವನ್ನು ಮಾಡಿದ ಬಹುಪಾಲು ಬಂಡಾಯಗಾರರಿಗೆ ಕ್ಷಮಾದಾನ ದೊರೆಯಿತು. ಗುಲಾಮರನ್ನು ಹೊರತುಪಡಿಸಿ ಉಳಿದ ಆಸ್ತಿಯೂ ಅವರಿಗೆ ಮರಳಿತು. ದಂಡಾಯದ ಉನ್ನತ ಅಧಿಕಾರಿಗಳು, 20,000 ಡಾಲರುಗಳಿಗಿಂತ ಹೆಚ್ಚಿನ ತೆರಿಗೆಯೋಗ್ಯ ಆಸ್ತಿಯುಳ್ಳವರು ಮೊದಲಾದ 14 ವರ್ಗದವರು ಅಧ್ಯಕ್ಷರಿಗೆ ಪ್ರತ್ಯೇಕವಾಗಿ ಅರ್ಜಿ ಸಲ್ಲಿಸಬೇಕಿತ್ತು. ಎರಡನೆಯ ಘೋಷಣೆಯು ಉತ್ತರ ಕ್ಯಾರೊಲಿನಾಕ್ಕೆ ತಾತ್ಕಾಲಿಕ ರಾಜ್ಯಪಾಲರನ್ನು ನೇಮಿಸಿ, ಹೊಸ ರಾಜ್ಯ ಸಂವಿಧಾನವನ್ನು ರಚಿಸುವ ಕ್ರಮವನ್ನು ತಿಳಿಸಿತು. ಉಳಿದ ರಾಜ್ಯಗಳಿಗೂ ಇದೇ ಮಾದರಿಯಾಯಿತು. ಕಪ್ಪು ಜನರಿಗೆ ಮತದಾನದ ಹಕ್ಕಿನ ಪ್ರಸ್ತಾಪ ಎಲ್ಲಿಯೂ ಇರಲಿಲ್ಲ.

ಮೊದಮೊದಲು ಕಠಿಣವಾಗಿ ಕಂಡ ಈ ಯೋಜನೆಯು ಕೆಲವೇ ತಿಂಗಳುಗಳಲ್ಲಿ ಸಡಿಲವಾಯಿತು. ಅರ್ಜಿ ಹಿಡಿದು ಬಂದ ಸಾವಿರಾರು ಸಿರಿವಂತರಿಗೆ ಅಧ್ಯಕ್ಷರು ಕ್ಷಮಾದಾನವನ್ನಿತ್ತರು. 1865ರ ಜನವರಿಯಲ್ಲಿ ಸೇನಾನಿ ವಿಲಿಯಂ ಶೆರ್ಮನ್ ಹೊರಡಿಸಿದ್ದ ಆದೇಶದಂತೆ, ದಕ್ಷಿಣ ಕ್ಯಾರೊಲಿನಾ ಮತ್ತು ಜಾರ್ಜಿಯಾ ಕರಾವಳಿಯ ಭೂಮಿಯಲ್ಲಿ ಕುಟುಂಬವೊಂದಕ್ಕೆ 40 ಎಕರೆ ಮೀರದಂತೆ ನಿವೇಶನ ಪಡೆದು ಸುಮಾರು 40,000 ಮಂದಿ ಬಿಡುಗಡೆ ಹೊಂದಿದವರು ನೆಲೆಸಿ ಉಳುಮೆ ಆರಂಭಿಸಿದ್ದರು. ಜಾನ್ಸನ್ ಅವರ ಆಜ್ಞೆಯಿಂದ ಈ ಭೂಮಿಯ ಹೆಚ್ಚಿನ ಭಾಗವು ಹಳೆಯ ಮಾಲೀಕರಿಗೆ ಮರಳಿತು. ಒಮ್ಮೆ ಕೈಗೆ ಬಂದ ಹೊಲವನ್ನು ಕಳೆದುಕೊಂಡವರು ಅದೇ ಮಾಲೀಕರ ಬಳಿ ಕೂಲಿಗೆ ಅಥವಾ ಪಾಲುಗಾರಿಕೆಗೆ ನಿಲ್ಲಬೇಕಾಯಿತು.

ಕಪ್ಪು ಸಂಹಿತೆಗಳು

ಹೊಸದಾಗಿ ರಚನೆಯಾದ ದಕ್ಷಿಣದ ಶಾಸನಸಭೆಗಳು 1865ರ ಕೊನೆಯಲ್ಲಿ ‘ಕಪ್ಪು ಸಂಹಿತೆ’ಗಳೆಂದು ಹೆಸರಾದ ಕಾನೂನುಗಳನ್ನು ಮಾಡತೊಡಗಿದವು. ಈ ಕಾನೂನುಗಳು ಕಪ್ಪು ಜನರಿಗೆ ಮದುವೆಯಾಗುವ, ಆಸ್ತಿ ಹೊಂದುವ ಕೆಲವು ಹಕ್ಕುಗಳನ್ನು ಒಪ್ಪಿದರೂ, ಅವರ ದುಡಿಮೆಯನ್ನು ಬಿಗಿಯಾಗಿ ಕಟ್ಟಿಹಾಕಿದವು. ಮಿಸಿಸಿಪಿ ರಾಜ್ಯದಲ್ಲಿ ಪ್ರತಿ ವರ್ಷದ ಜನವರಿಯಲ್ಲಿ ಉದ್ಯೋಗದ ಲಿಖಿತ ಪುರಾವೆಯನ್ನು ಕಪ್ಪು ಜನರು ತೋರಿಸಬೇಕಿತ್ತು. ಪಟ್ಟಣದ ಹೊರಗೆ ಅವರು ಭೂಮಿಯನ್ನು ಗೇಣಿಗೆ ಪಡೆಯುವಂತಿರಲಿಲ್ಲ. ಕೆಲಸವಿಲ್ಲದವರನ್ನು ಅಲೆಮಾರಿಗಳೆಂದು ಹಿಡಿದು ದಂಡ ವಿಧಿಸಿ, ದಂಡ ತೆರಲಾರದವರನ್ನು ಯಾರಾದರೊಬ್ಬ ಬಿಳಿಯನ ಕೆಳಗೆ ಬಲವಂತದ ಕೂಲಿಗೆ ಒಪ್ಪಿಸಲಾಗುತ್ತಿತ್ತು. ದಕ್ಷಿಣ ಕ್ಯಾರೊಲಿನಾದಲ್ಲಿ ಬೇಸಾಯ ಮತ್ತು ಮನೆಗೆಲಸವನ್ನು ಬಿಟ್ಟು ಬೇರೆ ಕಸುಬು ಮಾಡಬಯಸುವ ಕಪ್ಪು ಜನರು ಪರವಾನಗಿ ಪಡೆಯಬೇಕಿತ್ತು.

ಗುಲಾಮಗಿರಿಯನ್ನು ರದ್ದುಪಡಿಸಿದ 13ನೆಯ ತಿದ್ದುಪಡಿಯು 1865ರ ಡಿಸೆಂಬರ್ 6ರಂದು ಸ್ಥಿರೀಕರಣಗೊಂಡಿತು. ಆದರೆ ಕಪ್ಪು ಸಂಹಿತೆಗಳನ್ನು ಕಂಡ ಉತ್ತರದ ಜನರಿಗೆ ಗುಲಾಮಗಿರಿಯು ಹೆಸರು ಬದಲಿಸಿಕೊಂಡು ಹಿಂಬಾಗಿಲಿನಿಂದ ಮರಳುತ್ತಿದೆ ಎಂಬ ಆತಂಕ ಹುಟ್ಟಿತು.

ಸಂಘರ್ಷದ ಆರಂಭ

1865ರ ಡಿಸೆಂಬರ್ 4ರಂದು ಕಾಂಗ್ರೆಸ್ ಅಧಿವೇಶನವು ಸೇರಿದಾಗ, ದಕ್ಷಿಣದಿಂದ ಆಯ್ಕೆಯಾಗಿ ಬಂದವರಲ್ಲಿ ಬಂಡಾಯ ಸರ್ಕಾರದ ಅನೇಕ ನಾಯಕರಿದ್ದರು. ಕಾಂಗ್ರೆಸ್ ಅವರಿಗೆ ಸ್ಥಾನ ನೀಡಲು ನಿರಾಕರಿಸಿ, 15 ಸದಸ್ಯರ ಜಂಟಿ ಪುನರ್ನಿರ್ಮಾಣ ಸಮಿತಿಯನ್ನು ನೇಮಿಸಿತು. ಈ ನಿರ್ಧಾರಕ್ಕೆ ಒಂದು ಲೆಕ್ಕಾಚಾರದ ಕಾರಣವೂ ಇತ್ತು. ಮೂಲ ಸಂವಿಧಾನದಲ್ಲಿ ಪ್ರತಿನಿಧಿ ಸಭೆಯ ಸ್ಥಾನ ಹಂಚಿಕೆಗಾಗಿ ಐವರು ಗುಲಾಮರನ್ನು ಮೂವರೆಂದು ಎಣಿಸಲಾಗುತ್ತಿತ್ತು. ಗುಲಾಮಗಿರಿ ಹೋದ ಮೇಲೆ ಐವರೂ ಐವರೇ ಆದರು. ಮತದಾನದ ಹಕ್ಕನ್ನು ನೀಡದೆಯೇ ಅವರ ತಲೆ ಎಣಿಕೆಯ ಬಲದಿಂದ ದಕ್ಷಿಣದ ರಾಜ್ಯಗಳು ಯುದ್ಧಕ್ಕೆ ಮುಂಚಿಗಿಂತ ಹೆಚ್ಚು ಸ್ಥಾನಗಳನ್ನು ಪಡೆಯುವಂತಾಗಿತ್ತು. ಸೋತವರು ಗೆದ್ದವರಿಗಿಂತ ಬಲಿಷ್ಠರಾಗಿ ಹಿಂದಿರುಗುವುದನ್ನು ರಿಪಬ್ಲಿಕನ್ ಸದಸ್ಯರು ಒಪ್ಪಲಿಲ್ಲ.

ಸಾಂವಿಧಾನಿಕ ವಾದಗಳೂ ಭಿನ್ನವಾಗಿದ್ದವು. ಒಕ್ಕೂಟವನ್ನು ಬಿಡುವ ಹಕ್ಕು ಯಾವ ರಾಜ್ಯಕ್ಕೂ ಇಲ್ಲವಾದ್ದರಿಂದ ದಕ್ಷಿಣದ ರಾಜ್ಯಗಳು ಒಕ್ಕೂಟವನ್ನು ಬಿಟ್ಟೇ ಇಲ್ಲ, ದಂಗೆ ಎದ್ದವರು ವ್ಯಕ್ತಿಗಳು ಮಾತ್ರ, ಆದ್ದರಿಂದ ರಾಜ್ಯಗಳ ಹಕ್ಕುಗಳು ಹಾಗೆಯೇ ಉಳಿದಿವೆ ಎಂದು ಜಾನ್ಸನ್ ವಾದಿಸಿದರು. ಪೆನ್ಸಿಲ್ವೇನಿಯದ ಥ್ಯಾಡಿಯಸ್ ಸ್ಟೀವನ್ಸ್ ಅವರು ಈ ರಾಜ್ಯಗಳು ಗೆದ್ದ ಪ್ರಾಂತ್ಯಗಳಿಗೆ ಸಮಾನವೆಂದೂ, ಮ್ಯಾಸಚೂಸೆಟ್ಸ್‌ನ ಚಾರ್ಲ್ಸ್ ಸಮ್ನರ್ ಅವರು ಆ ರಾಜ್ಯಗಳು ದಂಗೆ ಎದ್ದು ತಮ್ಮ ಅಸ್ತಿತ್ವವನ್ನೇ ಕಳೆದುಕೊಂಡಿವೆಯೆಂದೂ ಹೇಳಿದರು. ಸ್ಟೀವನ್ಸ್, ಸಮ್ನರ್ ಮುಂತಾದವರನ್ನು ‘ತೀವ್ರಗಾಮಿ ರಿಪಬ್ಲಿಕನ್ನರು’ ಎನ್ನಲಾಗುತ್ತಿತ್ತು. ಆದರೆ ಸದನಗಳಲ್ಲಿ ಸೌಮ್ಯವಾದಿಗಳ ಸಂಖ್ಯೆಯೇ ಹೆಚ್ಚಾಗಿತ್ತು. ಅಧ್ಯಕ್ಷರು ಬಯಸಿದ್ದರೆ ಅವರೊಡನೆ ರಾಜಿಗೆ ಅವಕಾಶವಿತ್ತು.

1866ರ ನಿರಾಕರಣೆಗಳು

ಸೌಮ್ಯವಾದಿಯಾದ ಇಲಿನಾಯ್ಸ್‌ನ ಲೈಮನ್ ಟ್ರಂಬುಲ್ ಅವರು ಎರಡು ಮಸೂದೆಗಳನ್ನು ಮಂಡಿಸಿದರು. ಫ್ರೀಡ್‌ಮೆನ್ಸ್ ಬ್ಯೂರೋದ ಅವಧಿಯನ್ನು ವಿಸ್ತರಿಸುವ ಮೊದಲನೆಯ ಮಸೂದೆಯನ್ನು ಜಾನ್ಸನ್ 1866ರ ಫೆಬ್ರವರಿ 19ರಂದು ವೀಟೋ ಅಧಿಕಾರ ಬಳಸಿ ತಿರಸ್ಕರಿಸಿದರು. ಶಾಂತಿಯ ಕಾಲದಲ್ಲಿ ಸೈನಿಕ ನ್ಯಾಯಾಲಯಗಳು ಸಲ್ಲವು, 11 ರಾಜ್ಯಗಳಿಗೆ ಪ್ರಾತಿನಿಧ್ಯವಿಲ್ಲದಿರುವಾಗ ಅವುಗಳಿಗೆ ಸಂಬಂಧಿಸಿದ ಕಾನೂನನ್ನು ಮಾಡಬಾರದು ಎಂಬವು ಅವರ ಕಾರಣಗಳಾಗಿದ್ದವು. ಈ ತಿರಸ್ಕಾರವನ್ನು ಮೀರಲು ಬೇಕಾದ ಮೂರನೆಯ ಎರಡರಷ್ಟು ಬಹುಮತವು ಸೆನೆಟ್‌ನಲ್ಲಿ ಒದಗಲಿಲ್ಲ. ಮೂರು ದಿನಗಳ ನಂತರ ಸಾರ್ವಜನಿಕ ಭಾಷಣವೊಂದರಲ್ಲಿ ಅಧ್ಯಕ್ಷರು ಸ್ಟೀವನ್ಸ್ ಮತ್ತು ಸಮ್ನರ್ ಅವರ ಹೆಸರೆತ್ತಿ ಅವರನ್ನು ದೇಶದ್ರೋಹಿಗಳ ಸಾಲಿಗೆ ಸೇರಿಸಿದರು.

ಎರಡನೆಯದು ನಾಗರಿಕ ಹಕ್ಕುಗಳ ಮಸೂದೆ. ತೆರಿಗೆಗೆ ಒಳಪಡದ ಮೂಲನಿವಾಸಿಗಳನ್ನು ಬಿಟ್ಟು, ಅಮೆರಿಕದಲ್ಲಿ ಜನಿಸಿದ ಎಲ್ಲರೂ ಪ್ರಜೆಗಳೆಂದು ಅದು ಸಾರಿತು. ಕರಾರು ಮಾಡಿಕೊಳ್ಳುವ, ದಾವೆ ಹೂಡುವ, ಸಾಕ್ಷ್ಯ ನುಡಿಯುವ, ಆಸ್ತಿಯನ್ನು ಕೊಳ್ಳುವ ಮತ್ತು ಮಾರುವ ಹಕ್ಕುಗಳನ್ನು ಸಮಾನವಾಗಿ ನೀಡಿತು. ಮಾರ್ಚ್ 27ರಂದು ಜಾನ್ಸನ್ ಇದನ್ನೂ ತಿರಸ್ಕರಿಸಿದರು. ಈ ಸಲ ಸೌಮ್ಯವಾದಿಗಳೂ ಅವರ ಕೈಬಿಟ್ಟರು. ಸೆನೆಟ್ ಏಪ್ರಿಲ್ 6ರಂದು 33–15 ಮತಗಳಿಂದಲೂ, ಪ್ರತಿನಿಧಿ ಸಭೆಯು ಏಪ್ರಿಲ್ 9ರಂದು 122–41 ಮತಗಳಿಂದಲೂ ಮಸೂದೆಯನ್ನು ಮತ್ತೆ ಅಂಗೀಕರಿಸಿದವು. ಅಧ್ಯಕ್ಷರ ತಿರಸ್ಕಾರವನ್ನು ಮೀರಿ ಮಹತ್ವದ ಶಾಸನವೊಂದು ಜಾರಿಗೆ ಬಂದುದು ಅಮೆರಿಕದಲ್ಲಿ ಅದೇ ಮೊದಲು. ಜುಲೈನಲ್ಲಿ ಬ್ಯೂರೋದ ಮತ್ತೊಂದು ಮಸೂದೆಯೂ ಇದೇ ರೀತಿ ಕಾನೂನಾಯಿತು.

ಹದಿನಾಲ್ಕನೆಯ ತಿದ್ದುಪಡಿ

ಮುಂದಿನ ಕಾಂಗ್ರೆಸ್ ಈ ಕಾಯಿದೆಯನ್ನು ಸುಲಭವಾಗಿ ರದ್ದುಗೊಳಿಸದಂತೆ ಅದರ ತತ್ತ್ವವನ್ನು ಸಂವಿಧಾನದಲ್ಲಿಯೇ ಸೇರಿಸಲು 1866ರ ಜೂನ್ 13ರಂದು 14ನೆಯ ತಿದ್ದುಪಡಿಯನ್ನು ಅಂಗೀಕರಿಸಲಾಯಿತು. ಜನ್ಮದಿಂದ ಪೌರತ್ವ, ಕಾನೂನಿನ ಸಮಾನ ರಕ್ಷಣೆ, ಕಾನೂನುಕ್ರಮವಿಲ್ಲದೆ ಜೀವ, ಸ್ವಾತಂತ್ರ್ಯ ಅಥವಾ ಆಸ್ತಿಯನ್ನು ಕಸಿಯದಿರುವುದು ಅದರ ಮುಖ್ಯ ಅಂಶಗಳು. ವಯಸ್ಕ ಪುರುಷರಿಗೆ ಮತದಾನವನ್ನು ನಿರಾಕರಿಸುವ ರಾಜ್ಯದ ಪ್ರಾತಿನಿಧ್ಯವನ್ನು ಅದಕ್ಕೆ ತಕ್ಕಂತೆ ಕಡಿತಗೊಳಿಸಲು ಸಹ ಅದರಲ್ಲಿ ಅವಕಾಶವಿತ್ತು. ಇದನ್ನು ಒಪ್ಪಬಾರದೆಂದು ಜಾನ್ಸನ್ ದಕ್ಷಿಣದ ರಾಜ್ಯಗಳಿಗೆ ಸಲಹೆಯಿತ್ತರು. ಅವರ ತವರು ರಾಜ್ಯವಾದ ಟೆನೆಸಿಯು ಮಾತ್ರ ತಿದ್ದುಪಡಿಯನ್ನು ಒಪ್ಪಿ 1866ರ ಜುಲೈನಲ್ಲಿ ಒಕ್ಕೂಟಕ್ಕೆ ಮರಳಿತು. ಉಳಿದ 10 ರಾಜ್ಯಗಳು ತಿರಸ್ಕರಿಸಿದವು.

ಇದೇ ಅವಧಿಯಲ್ಲಿ ನಡೆದ ಹಿಂಸಾಚಾರವು ಜನಾಭಿಪ್ರಾಯವನ್ನು ಬದಲಿಸಿತು. ಮೇ ತಿಂಗಳ ಮೊದಲ ದಿನಗಳಲ್ಲಿ ಮೆಂಫಿಸ್ ನಗರದಲ್ಲಿ 46 ಮಂದಿ ಕಪ್ಪು ಜನರು ಕೊಲ್ಲಲ್ಪಟ್ಟರು. ಜುಲೈ 30ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ಕಪ್ಪು ಜನರ ಮತದಾನದ ಹಕ್ಕನ್ನು ಬೆಂಬಲಿಸಲು ಸೇರಿದವರ ಮೇಲೆ ಪೊಲೀಸರೂ ಸೇರಿದಂತೆ ಬಿಳಿಯರ ಗುಂಪು ದಾಳಿ ಮಾಡಿ ಹಲವರನ್ನು ಕೊಂದಿತು. ಆಗಸ್ಟ್ 28ರಂದು ಜಾನ್ಸನ್ ತಮ್ಮ ನೀತಿಗೆ ಬೆಂಬಲ ಕೋರಿ ಉತ್ತರದ ರಾಜ್ಯಗಳ ಪ್ರವಾಸಕ್ಕೆ ಹೊರಟರು. ಸಭಿಕರೊಡನೆ ಅವರು ನಡೆಸಿದ ವಾಗ್ವಾದಗಳಿಂದ ಪದವಿಯ ಘನತೆಗೆ ಕುಂದುಂಟಾಯಿತು. ಆ ವರ್ಷದ ಚುನಾವಣೆಯಲ್ಲಿ ರಿಪಬ್ಲಿಕನ್ ಪಕ್ಷವು ಎರಡೂ ಸದನಗಳಲ್ಲಿ ಮೂರನೆಯ ಎರಡಕ್ಕಿಂತ ಹೆಚ್ಚಿನ ಬಲವನ್ನು ಪಡೆಯಿತು.

ಕಾಂಗ್ರೆಸ್ಸಿನ ಪುನರ್ನಿರ್ಮಾಣ

1867ರ ಮಾರ್ಚ್ 2ರಂದು ಜಾರಿಗೆ ಬಂದ ಪುನರ್ನಿರ್ಮಾಣ ಕಾಯಿದೆಯನ್ನು ಅಧ್ಯಕ್ಷರು ತಿರಸ್ಕರಿಸಿದ ದಿನವೇ ಎರಡೂ ಸದನಗಳು ಮರು ಅಂಗೀಕರಿಸಿದವು. ಟೆನೆಸಿಯನ್ನು ಬಿಟ್ಟು ಉಳಿದ 10 ರಾಜ್ಯಗಳನ್ನು ಐದು ಸೈನಿಕ ಜಿಲ್ಲೆಗಳಾಗಿ ವಿಂಗಡಿಸಲಾಯಿತು. ಕಪ್ಪು ಪುರುಷರೂ ಮತ ಚಲಾಯಿಸಿ ಆರಿಸಿದ ಸಭೆಯು ಹೊಸ ರಾಜ್ಯ ಸಂವಿಧಾನವನ್ನು ರಚಿಸಬೇಕು, ಅದರಲ್ಲಿ ಅವರ ಮತದಾನದ ಹಕ್ಕು ಇರಬೇಕು, 14ನೆಯ ತಿದ್ದುಪಡಿಯನ್ನು ಒಪ್ಪಬೇಕು ಎಂಬವು ಷರತ್ತುಗಳು. ದಕ್ಷಿಣದಲ್ಲಿ 7 ಲಕ್ಷಕ್ಕೂ ಹೆಚ್ಚು ಕಪ್ಪು ಮತದಾರರು ನೋಂದಾಯಿತರಾದರು. ಎರಡು ವರ್ಷಗಳ ಹಿಂದೆ ಮಾರಾಟದ ಸರಕಾಗಿದ್ದವರು ಈಗ ಸಂವಿಧಾನ ರಚನಾ ಸಭೆಗಳಲ್ಲಿ ಕುಳಿತರು. ಉಚಿತ ಸಾರ್ವಜನಿಕ ಶಾಲೆಗಳ ವ್ಯವಸ್ಥೆಯು ಈ ಹೊಸ ರಾಜ್ಯ ಸಂವಿಧಾನಗಳ ದೊಡ್ಡ ಕೊಡುಗೆ.

ಅದೇ ದಿನ ‘ಅಧಿಕಾರಾವಧಿ ಕಾಯಿದೆ’ಯೂ ಜಾರಿಯಾಯಿತು. ಸೆನೆಟ್‌ನ ಒಪ್ಪಿಗೆಯಿಂದ ನೇಮಕಗೊಂಡ ಅಧಿಕಾರಿಗಳನ್ನು ಸೆನೆಟ್‌ನ ಒಪ್ಪಿಗೆಯಿಲ್ಲದೆ ಅಧ್ಯಕ್ಷರು ವಜಾಗೊಳಿಸಬಾರದೆಂದು ಅದು ವಿಧಿಸಿತು. ಕಾಂಗ್ರೆಸ್ಸಿನ ಪರವಾಗಿದ್ದ ಯುದ್ಧ ಸಚಿವ ಎಡ್ವಿನ್ ಸ್ಟಾಂಟನ್ ಅವರನ್ನು ರಕ್ಷಿಸುವುದು ಅದರ ಒಂದು ಉದ್ದೇಶವಾಗಿತ್ತು. ದಕ್ಷಿಣದ ಸೈನಿಕ ಜಿಲ್ಲೆಗಳ ಆಡಳಿತವು ಯುದ್ಧ ಇಲಾಖೆಯ ಮೂಲಕ ನಡೆಯುತ್ತಿದ್ದುದರಿಂದ ಆ ಹುದ್ದೆಯಲ್ಲಿ ಯಾರಿರುತ್ತಾರೆಂಬುದು ಮುಖ್ಯವಾಗಿತ್ತು.

ಮಹಾಭಿಯೋಗ

1867ರ ಆಗಸ್ಟಿನಲ್ಲಿ ಜಾನ್ಸನ್ ಸ್ಟಾಂಟನ್ ಅವರನ್ನು ಅಮಾನತುಗೊಳಿಸಿ ಯುಲಿಸಿಸ್ ಗ್ರಾಂಟ್ ಅವರನ್ನು ತಾತ್ಕಾಲಿಕವಾಗಿ ನೇಮಿಸಿದರು. 1868ರ ಜನವರಿಯಲ್ಲಿ ಸೆನೆಟ್ ಇದನ್ನು ಒಪ್ಪದಿದ್ದಾಗ ಗ್ರಾಂಟ್ ಹುದ್ದೆಯನ್ನು ತೆರವು ಮಾಡಿದರು. ಫೆಬ್ರವರಿ 21ರಂದು ಜಾನ್ಸನ್ ಸ್ಟಾಂಟನ್ ಅವರನ್ನು ನೇರವಾಗಿ ವಜಾಗೊಳಿಸಿದರು. ಸ್ಟಾಂಟನ್ ಕಚೇರಿಯನ್ನು ಬಿಟ್ಟು ಕದಲದೆ ಅಲ್ಲಿಯೇ ಉಳಿದರು. ಫೆಬ್ರವರಿ 24ರಂದು ಪ್ರತಿನಿಧಿ ಸಭೆಯು 126–47 ಮತಗಳಿಂದ ಮಹಾಭಿಯೋಗದ ನಿರ್ಣಯವನ್ನು ಅಂಗೀಕರಿಸಿತು. ಬಳಿಕ 11 ಆರೋಪಗಳನ್ನು ಸಿದ್ಧಪಡಿಸಲಾಯಿತು. ಅವುಗಳಲ್ಲಿ ಹೆಚ್ಚಿನವು ಅಧಿಕಾರಾವಧಿ ಕಾಯಿದೆಯ ಉಲ್ಲಂಘನೆಗೆ ಸಂಬಂಧಿಸಿದ್ದವು.

ಮುಖ್ಯ ನ್ಯಾಯಾಧೀಶ ಸಾಲ್ಮನ್ ಚೇಸ್ ಅವರ ಅಧ್ಯಕ್ಷತೆಯಲ್ಲಿ ಸೆನೆಟ್‌ನಲ್ಲಿ ವಿಚಾರಣೆ ನಡೆಯಿತು. ಸ್ಟಾಂಟನ್ ಅವರನ್ನು ನೇಮಿಸಿದವರು ಲಿಂಕನ್ ಆದ್ದರಿಂದ ಕಾಯಿದೆಯ ರಕ್ಷಣೆಯು ಅವರಿಗೆ ಅನ್ವಯಿಸದೆಂದೂ, ಕಾಯಿದೆಯೇ ಸಂವಿಧಾನಬಾಹಿರವೆಂದೂ ಅಧ್ಯಕ್ಷರ ಪರ ವಕೀಲರು ವಾದಿಸಿದರು. ಮೇ 16ರಂದು 11ನೆಯ ಆರೋಪವನ್ನು ಮತಕ್ಕೆ ಹಾಕಿದಾಗ 35 ಸದಸ್ಯರು ತಪ್ಪಿತಸ್ಥರೆಂದೂ, 19 ಸದಸ್ಯರು ನಿರ್ದೋಷಿ ಎಂದೂ ಹೇಳಿದರು. 54 ಸದಸ್ಯರ ಸಭೆಯಲ್ಲಿ 36 ಮತಗಳು ಬೇಕಿದ್ದವು. ಟ್ರಂಬುಲ್, ಕಾನ್ಸಾಸ್‌ನ ಎಡ್ಮಂಡ್ ರಾಸ್ ಸೇರಿದಂತೆ ಏಳು ಮಂದಿ ರಿಪಬ್ಲಿಕನ್ ಸದಸ್ಯರು ತಮ್ಮ ಪಕ್ಷದ ಒಲವಿಗೆ ವಿರುದ್ಧವಾಗಿ ಮತ ನೀಡಿದ್ದರು. ಮೇ 26ರಂದು ಇನ್ನೆರಡು ಆರೋಪಗಳ ಮೇಲೆಯೂ ಫಲಿತಾಂಶ ಅದೇ ಆಯಿತು. ನೀತಿಯ ಭಿನ್ನಾಭಿಪ್ರಾಯಕ್ಕಾಗಿ ಅಧ್ಯಕ್ಷರನ್ನು ತೆಗೆದುಹಾಕಿದರೆ ಆ ಪದವಿಯು ಶಾಸಕಾಂಗಕ್ಕೆ ಅಧೀನವಾದೀತೆಂಬ ಅಂಜಿಕೆ ಕೆಲವರಲ್ಲಿತ್ತು. ಉಪಾಧ್ಯಕ್ಷ ಹುದ್ದೆಯು ಖಾಲಿಯಾಗಿದ್ದುದರಿಂದ ತೀವ್ರಗಾಮಿ ಬೆಂಜಮಿನ್ ವೇಡ್ ಅಧ್ಯಕ್ಷರಾಗುವರೆಂಬುದೂ ಕೆಲವರಿಗೆ ಇಷ್ಟವಿರಲಿಲ್ಲ.

ನಂತರದ ಬೆಳವಣಿಗೆಗಳು

14ನೆಯ ತಿದ್ದುಪಡಿಯು 1868ರ ಜುಲೈನಲ್ಲಿ ಸ್ಥಿರೀಕರಣಗೊಂಡಿತು. ಆ ವರ್ಷದ ಚುನಾವಣೆಯಲ್ಲಿ ಗ್ರಾಂಟ್ ಅಧ್ಯಕ್ಷರಾದರು. ವರ್ಣದ ಕಾರಣದಿಂದ ಮತದಾನವನ್ನು ನಿರಾಕರಿಸಬಾರದೆಂಬ 15ನೆಯ ತಿದ್ದುಪಡಿಯು 1870ರಲ್ಲಿ ಜಾರಿಗೆ ಬಂದಿತು. ಅದೇ ವರ್ಷ ಮಿಸಿಸಿಪಿಯ ಹೈರಮ್ ರೆವೆಲ್ಸ್ ಸೆನೆಟ್‌ನ ಮೊದಲ ಕಪ್ಪು ಸದಸ್ಯರಾದರು. ಜಾನ್ಸನ್ 1875ರಲ್ಲಿ ಟೆನೆಸಿಯಿಂದ ಸೆನೆಟ್‌ಗೆ ಮರಳಿ ಆಯ್ಕೆಯಾಗಿ, ಅದೇ ವರ್ಷದ ಜುಲೈ 31ರಂದು ನಿಧನರಾದರು. ಅವರ 15 ತಿರಸ್ಕಾರಗಳನ್ನು ಕಾಂಗ್ರೆಸ್ ಮೀರಿತ್ತು. ಬೇರಾವ ಅಧ್ಯಕ್ಷರಿಗೂ ಇಷ್ಟು ಬಾರಿ ಹೀಗಾಗಿಲ್ಲ. ಅಧಿಕಾರಾವಧಿ ಕಾಯಿದೆಯು 1887ರಲ್ಲಿ ರದ್ದಾಯಿತು. ಅಂತಹ ನಿರ್ಬಂಧವು ಸಂವಿಧಾನಸಮ್ಮತವಲ್ಲವೆಂಬ ಅಭಿಪ್ರಾಯವನ್ನು ಸರ್ವೋಚ್ಚ ನ್ಯಾಯಾಲಯವು 1926ರಲ್ಲಿ ವ್ಯಕ್ತಪಡಿಸಿತು.

1877ರಲ್ಲಿ ಒಕ್ಕೂಟದ ಸೈನ್ಯದ ಬೆಂಬಲವು ಹಿಂದೆ ಸರಿದ ಮೇಲೆ ದಕ್ಷಿಣದ ಕಪ್ಪು ಜನರು ಗಳಿಸಿದ ಹಕ್ಕುಗಳನ್ನು ಒಂದೊಂದಾಗಿ ಕಳೆದುಕೊಂಡರು. ಅವು ಪೂರ್ಣವಾಗಿ ಕಾನೂನಿನ ಬಲ ಪಡೆಯಲು 1964ರ ನಾಗರಿಕ ಹಕ್ಕುಗಳ ಕಾಯಿದೆ ಹಾಗೂ 1965ರ ಮತದಾನ ಹಕ್ಕುಗಳ ಕಾಯಿದೆಯವರೆಗೆ ಕಾಯಬೇಕಾಯಿತು.

ಕರ್ನಾಟಕ ಹಾಗೂ ಭಾರತದೊಡನೆ ಸಂಬಂಧ

ಅಂತರ್ಯುದ್ಧದಿಂದ ಇಂಗ್ಲೆಂಡಿನ ಗಿರಣಿಗಳಿಗೆ ಅಮೆರಿಕದ ಹತ್ತಿ ಬರುವುದು ನಿಂತಾಗ ಧಾರವಾಡ ಸೀಮೆಯ ಹತ್ತಿಗೆ ಬೇಡಿಕೆ ಏರಿತು. ಈ ಹತ್ತಿಯು ಘಟ್ಟ ಇಳಿದು ಕುಮಟಾ ಬಂದರಿನ ಮೂಲಕ ಮುಂಬಯಿಗೆ ಹೋಗುತ್ತಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಆಧಿಪತ್ಯದಿಂದ ಮುಂಬಯಿ ಆಧಿಪತ್ಯಕ್ಕೆ ವರ್ಗಾಯಿಸಲಾಯಿತು. ಕಾರವಾರದ ಬಂದರನ್ನು ಹತ್ತಿ ಸಾಗಣೆಗೆ ಅಭಿವೃದ್ಧಿಪಡಿಸಬೇಕೆಂಬ ವ್ಯಾಪಾರಿಗಳ ಒತ್ತಾಯವು ಇದಕ್ಕೆ ಒಂದು ಕಾರಣವಾಗಿತ್ತು. ಕುಂದಾಪುರ ತಾಲೂಕು ಮಾತ್ರ ಮದರಾಸಿನಲ್ಲಿಯೇ ಉಳಿದು ದಕ್ಷಿಣ ಕನ್ನಡದ ಭಾಗವಾಯಿತು. 1865ರಲ್ಲಿ ಯುದ್ಧ ನಿಂತೊಡನೆ ಹತ್ತಿಯ ಬೆಲೆ ಕುಸಿದು ಮುಂಬಯಿಯ ಅನೇಕ ವ್ಯಾಪಾರಿ ಸಂಸ್ಥೆಗಳು ದಿವಾಳಿಯಾದವು.

ವೈಚಾರಿಕ ಸಂಬಂಧವೂ ಇದೆ. ಜ್ಯೋತಿಬಾ ಫುಲೆ ಅವರು 1873ರಲ್ಲಿ ಪ್ರಕಟಿಸಿದ ‘ಗುಲಾಮ್‌ಗಿರಿ’ ಕೃತಿಯನ್ನು ಗುಲಾಮರ ವಿಮೋಚನೆಗೆ ದುಡಿದ ಅಮೆರಿಕದ ಜನರಿಗೆ ಅರ್ಪಿಸಿದರು. ಭಾರತ ಸಂವಿಧಾನದ 14ನೆಯ ಅನುಚ್ಛೇದದಲ್ಲಿರುವ ‘ಕಾನೂನಿನ ಸಮಾನ ರಕ್ಷಣೆ’ ಎಂಬ ತತ್ತ್ವವು ಅಮೆರಿಕದ 14ನೆಯ ತಿದ್ದುಪಡಿಯಿಂದ ಬಂದುದು.

ಜಾನ್ಸನ್ ಪ್ರಕರಣದಂತಹ ಬಿಕ್ಕಟ್ಟಿಗೆ ಭಾರತದಲ್ಲಿ ಅವಕಾಶ ಕಡಿಮೆ. 111ನೆಯ ಅನುಚ್ಛೇದದ ಪ್ರಕಾರ ರಾಷ್ಟ್ರಪತಿಯವರು ಹಣಕಾಸು ಮಸೂದೆಯಲ್ಲದ ಮಸೂದೆಯನ್ನು ಮರುಪರಿಶೀಲನೆಗೆ ಕಳುಹಿಸಬಹುದು. ಸಂಸತ್ತು ಅದನ್ನು ಸಾಮಾನ್ಯ ಬಹುಮತದಿಂದ ಮತ್ತೆ ಅಂಗೀಕರಿಸಿದರೆ ಸಮ್ಮತಿ ನೀಡಲೇಬೇಕು. 61ನೆಯ ಅನುಚ್ಛೇದದಂತೆ ಸಂವಿಧಾನದ ಉಲ್ಲಂಘನೆಗಾಗಿ ಮಾತ್ರ ಮಹಾಭಿಯೋಗವನ್ನು ಹೊರಿಸಬಹುದು. ಅದಕ್ಕೆ ಪ್ರತಿ ಸದನದ ಒಟ್ಟು ಸದಸ್ಯಬಲದ ಮೂರನೆಯ ಎರಡರಷ್ಟು ಬಹುಮತ ಅಗತ್ಯ.

ಮೌಲ್ಯಮಾಪನ

20ನೆಯ ಶತಮಾನದ ಮೊದಲ ಭಾಗದಲ್ಲಿ ವಿಲಿಯಂ ಡನಿಂಗ್ ಅವರ ಪಂಥದ ಇತಿಹಾಸಕಾರರು ಜಾನ್ಸನ್ ಅವರನ್ನು ಸಂವಿಧಾನದ ರಕ್ಷಕರೆಂದೂ, ಕಾಂಗ್ರೆಸ್ಸಿನ ನಾಯಕರನ್ನು ಸೇಡಿನ ಮನೋಭಾವದವರೆಂದೂ ಚಿತ್ರಿಸಿದರು. 1935ರಲ್ಲಿ ಡಬ್ಲ್ಯೂ. ಇ. ಬಿ. ಡುಬಾಯ್ಸ್ ಅವರು ಈ ದೃಷ್ಟಿಯನ್ನು ಪ್ರಶ್ನಿಸಿ, ಬಿಡುಗಡೆ ಹೊಂದಿದ ಕಪ್ಪು ಜನರೇ ಈ ಚರಿತ್ರೆಯ ಮುಖ್ಯ ಪಾತ್ರಧಾರಿಗಳೆಂದು ತೋರಿಸಿದರು. 1988ರಲ್ಲಿ ಪ್ರಕಟವಾದ ಎರಿಕ್ ಫೋನರ್ ಅವರ ಅಧ್ಯಯನವು ಈ ನಿಲುವನ್ನು ಮತ್ತಷ್ಟು ಬಲಪಡಿಸಿತು. ಮಹಾಭಿಯೋಗದ ಆರೋಪಗಳು ಕಾನೂನಿನ ದೃಷ್ಟಿಯಿಂದ ದುರ್ಬಲವಾಗಿದ್ದವೆಂದು ಒಪ್ಪುವ ವಿದ್ವಾಂಸರೂ, ಜಾನ್ಸನ್ ಅವರ ನೀತಿಯು ದಕ್ಷಿಣದ ಹಳೆಯ ಆಳುವ ವರ್ಗಕ್ಕೆ ಚೇತರಿಸಿಕೊಳ್ಳಲು ಸಮಯವನ್ನು ಒದಗಿಸಿತು ಎಂದು ಅಭಿಪ್ರಾಯಪಡುತ್ತಾರೆ. ಯುದ್ಧ ಮುಗಿದ ಮೊದಲ ಎರಡು ವರ್ಷಗಳಲ್ಲಿ ಕೈತಪ್ಪಿದ ಭೂಮಿಯು ಬಿಡುಗಡೆ ಹೊಂದಿದವರಿಗೆ ಮುಂದೆ ಯಾವ ಶಾಸನದಿಂದಲೂ ಮರಳಿ ದೊರೆಯಲಿಲ್ಲ.